ರಾತ್ರೋರಾತ್ರಿ ಮನಸ್ಸಿನ ಕಾಯಿಲೆ ಕೈಮೀರಿದರೆ: ಎಮರ್ಜೆನ್ಸಿಯಿಂದ ವಾರ್ಡಿನವರೆಗೆ

ಮನೆಯಲ್ಲೊಬ್ಬರಿಗೆ ಮೂರು ದಿನದಿಂದ ನಿದ್ದೆ ಇಲ್ಲ. ಎದುರಿಗೆ ಇಲ್ಲದವರ ಜೊತೆ ಜಗಳ. ಅನ್ನದಲ್ಲಿ ವಿಷ ಹಾಕಿದ್ದೀರಿ ಎಂದು ತಟ್ಟೆ ಎಸೆಯುತ್ತಾರೆ. ಇಂಥ ಹೊತ್ತಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದು ಬೆಳಗಿನವರೆಗೆ ಕಾಯಬೇಡಿ. ಹತ್ತಿರದ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಜೀವಕ್ಕೆ ಅಪಾಯ ಇದ್ದಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಅವರು ಮನೋವೈದ್ಯರೇ ಆಗಿರಬೇಕಿಲ್ಲ.

ಕರೆದೊಯ್ಯುವುದೇ ದೊಡ್ಡ ಪಾಡು. 108ಕ್ಕೆ ಫೋನ್ ಮಾಡಿ. ಏನು ಮಾಡಬೇಕೆಂದು ತೋಚದಿದ್ದರೆ 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಸಿಗುತ್ತದೆ. ದೇವಸ್ಥಾನಕ್ಕೆ ಹೋಗೋಣ ಎಂದು ಸುಳ್ಳು ಹೇಳಿ ಗಾಡಿ ಹತ್ತಿಸುವುದು ನಮ್ಮಲ್ಲಿ ಮಾಮೂಲಿ. ನನಗದು ಸರಿ ಕಾಣುವುದಿಲ್ಲ. ಮುಂದೆ ನೀವು ಕೊಡುವ ಮಾತ್ರೆಯನ್ನೂ ಅವರು ನಂಬಲಿಕ್ಕಿಲ್ಲ. ‘ನಿದ್ದೆ ಬರ್ತಿಲ್ಲ ಅಲ್ವಾ, ಡಾಕ್ಟರಿಗೆ ತೋರಿಸೋಣ’ ಎನ್ನಿ. ಅದು ನಿಜವೂ ಹೌದು. ಹಳೆಯ ಚೀಟಿ, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಳ್ಳಿ.

ಅಲ್ಲಿ ಮೊದಲು ಶುಗರ್, ಬಿಪಿ, ಜ್ವರ ನೋಡುತ್ತಾರೆ. ‘ತಲೆ ಕೆಟ್ಟಿದೆ ಅಂದ್ರೆ ಶುಗರ್ ಯಾಕೆ’ ಎಂದು ರೇಗಬೇಡಿ. ಜನರಲ್ ಆಸ್ಪತ್ರೆಯ ಲಾಭವೇ ಇದು. ಶುಗರ್ ಇಳಿದರೂ, ಮಿದುಳಿಗೆ ಸೋಂಕು ತಗುಲಿದರೂ, ವಯಸ್ಸಾದವರಲ್ಲಿ ಸೋಡಿಯಂ ಕಡಿಮೆಯಾದರೂ ಮಾತು ಹಿಡಿತ ತಪ್ಪುತ್ತದೆ. ದಿನಾ ಕುಡಿಯುವವರು ದಿಢೀರನೆ ಬಿಟ್ಟರೆ ಎರಡು-ಮೂರು ದಿನದಲ್ಲಿ ಕೈ ನಡುಗಿ, ಗೋಡೆ ಮೇಲೆ ಹುಳ ಹರಿದಂತೆ ಕಾಣಬಹುದು. ಅದು ಪ್ರಾಣಕ್ಕೇ ಕುತ್ತು. ಹಾಗಾಗಿ ಕುಡಿತದ ವಿಷಯ ಮುಚ್ಚಿಡಲೇಬೇಡಿ. ಯಾವಾಗ ಶುರುವಾಯಿತು, ತಲೆಗೆ ಪೆಟ್ಟಾಗಿತ್ತಾ, ಸಾಯುವ ಮಾತಾಡಿದ್ದರಾ, ಎಲ್ಲ ಹೇಳಿ.

ಮಾತಿಗೆ ಬಗ್ಗದಿದ್ದರೆ ಶಾಂತಗೊಳಿಸುವ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚಾಗಿ ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್, ಇಲ್ಲವೇ ಲೊರಾಜೆಪಾಮ್. ನಿದ್ದೆ ಹತ್ತಿತಲ್ಲ ಎಂದು ಎಲ್ಲರೂ ಟೀ ಕುಡಿಯಲು ಹೋಗುವಂತಿಲ್ಲ. ಉಸಿರು, ನಾಡಿ, ಬಿಪಿ ಮತ್ತೆ ಮತ್ತೆ ನೋಡಬೇಕು. ಇಂಜೆಕ್ಷನ್‌ನಿಂದ ಕತ್ತು ಸೊಟ್ಟಗಾದರೆ, ದವಡೆ ಬಿಗಿದರೆ ನರ್ಸ್‌ಗೆ ತಕ್ಷಣ ಹೇಳಿ. ಅದಕ್ಕೆ ಮದ್ದಿದೆ.

ಕೈಕಾಲು ಕಟ್ಟುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಸಿಬ್ಬಂದಿ ಕಡಿಮೆ ಎಂಬ ನೆಪಕ್ಕೆ ಕಟ್ಟುವಂತಿಲ್ಲ. ಸರಪಳಿಗಂತೂ ಕಾನೂನಿನಲ್ಲಿ ಪೂರ್ತಿ ನಿಷೇಧ.

ಒಪ್ಪದ ರೋಗಿಯನ್ನು ದಾಖಲಿಸಲು ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯೇ ಮೊದಲು ಹೆಸರಿಸಿದವರು, ಹೆಸರಿಸದಿದ್ದರೆ ಸಾಮಾನ್ಯವಾಗಿ ಮನೆಯವರು) ಅರ್ಜಿ ಬೇಕು. ಒಬ್ಬ ಮನೋವೈದ್ಯರೂ, ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು. ಮೊದಲ ಅವಧಿ ಹೆಚ್ಚೆಂದರೆ 30 ದಿನ.

ವಾರ್ಡಿನಲ್ಲಿ ನರ್ಸ್‌ಗಳ ಕಣ್ಣಿಗೆ ಬೀಳುವ ಹಾಸಿಗೆ ಕೇಳಿ. ಬ್ಲೇಡು, ಬೆಲ್ಟು, ಚಾರ್ಜರ್ ವೈರು ಮನೆಗೆ ಕಳಿಸಿ. ಬಾತ್‌ರೂಮಿಗೆ ಹೋದರೆ ಬಾಗಿಲ ಹೊರಗೆ ನಿಂತಿರಿ. ಜೊತೆಗಿರುವವರು ಪಾಳಿ ಹಾಕಿಕೊಳ್ಳಿ. ಒಬ್ಬರೇ ನಾಲ್ಕು ರಾತ್ರಿ ಕೂತರೆ ಐದನೇ ರಾತ್ರಿ ತೂಕಡಿಸುತ್ತಾರೆ.