ಇಗುವಾನಾಗೆ ತಾರಸಿಯ ಬಿಸಿಲು: ಬಿಚ್ಚಿ ಜೋಡಿಸುವ ಗೂಡು ಹೀಗೆ ಕಟ್ಟಿ

ಕಿಟಕಿ ಪಕ್ಕ ಇಗುವಾನಾ ಅನ್ನೋ ದೊಡ್ಡ ಹಲ್ಲಿಜಾತಿಯ ಸಾಕುಪ್ರಾಣಿ ಬಿಸಿಲು ಕಾಯಿಸುತ್ತಾ ಕೂತರೆ ನೋಡೋಕೆ ಚೆಂದ. ಆದರೆ ಕಿಟಕಿ ಗಾಜು ಬೆಳಕನ್ನು ಒಳಗೆ ಬಿಟ್ಟರೂ ಬಿಸಿಲಲ್ಲಿರುವ ಯುವಿ-ಬಿ ಅನ್ನೋ ಅತಿನೇರಳೆ ಕಿರಣವನ್ನು ತಡೆದುಬಿಡುತ್ತದೆ. ಈ ಪ್ರಾಣಿಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲು ಬೇಕಿರುವುದೇ ಆ ಕಿರಣ. ಅದಿಲ್ಲದಿದ್ದರೆ ಎಷ್ಟು ಸೊಪ್ಪು ತಿಂದರೂ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ನಮ್ಮ ಮನೆಯ ಹಸಿರು ಇಗುವಾನಾಗೆ ಮೊದಲ ವರ್ಷ ಹಾಗೇ ಆಯಿತು. ಕೆಳದವಡೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ರಬ್ಬರಿನ ಹಾಗೆ ಬಾಗುತ್ತಿತ್ತು. ಅದು ನನಗೆ ಇನ್ನೂ ಮರೆತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಉಡವನ್ನು ಸಾಕುವ ಹಾಗಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಸಿರು ಇಗುವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. 2024ರ ನಿಯಮದ ಪ್ರಕಾರ ಅದನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಈಗ ಅಳತೆ ಟೇಪ್ ಹಿಡಿದು ತಾರಸಿ ಬಾಗಿಲಿಗೆ ಹೋಗಿ. ಗೂಡಿಗಿಂತ ಮೊದಲು ಅಳೆಯಬೇಕಾದ್ದು ಅದನ್ನೇ. ನಾನು ಮೊದಲು ಮಾಡಿಸಿದ ಮರದ ಗೂಡು ಆ ಬಾಗಿಲಲ್ಲಿ ಹಿಡಿಸಲೇ ಇಲ್ಲ. ಬೆಂಗಳೂರಿನ ತಾರಸಿಯಲ್ಲಿ ಬಿಸಿಲು ಒಂದೇ ಕಡೆ ನಿಲ್ಲುವುದೂ ಇಲ್ಲ. ಒಂಬತ್ತು ಗಂಟೆಗೆ ನೀರಿನ ಟ್ಯಾಂಕಿನ ನೆರಳು, ಹತ್ತಕ್ಕೆ ಪಕ್ಕದ ಕಟ್ಟಡದ ನೆರಳು. ಅದಕ್ಕೇ ಇಬ್ಬರು ಎತ್ತಿ ಸರಿಸುವಷ್ಟು ಹಗುರ ಇರಬೇಕು, ಬೇಕೆಂದಾಗ ಬಿಚ್ಚುವಂತಿರಬೇಕು.

ಬೆಳೆದ ಇಗುವಾನಾ ಬಾಲವೂ ಸೇರಿ ಐದು ಅಡಿ ದಾಟುತ್ತದೆ, ಸದಾ ಮೇಲೆ ಹತ್ತಲು ನೋಡುತ್ತದೆ. ಹಾಗಾಗಿ 6 ಅಡಿ ಎತ್ತರ, 4 ಅಡಿ ಉದ್ದ, 2.5 ಅಡಿ ಅಗಲ ಇಟ್ಟುಕೊಳ್ಳಿ. ಒಂದಿಂಚಿನ ಪಿವಿಸಿ ಪೈಪ್ ಸಾಕು. ಎಸ್.ಪಿ. ರಸ್ತೆ ಕಡೆ ಸುತ್ತಿದರೆ ಬೇಕಾದ್ದೆಲ್ಲ ಒಂದೇ ಸುತ್ತಿಗೆ ಸಿಗುತ್ತದೆ. 20 ಅಡಿಯ 7 ಪೈಪ್, 28 ಎಲ್ಬೋ (ಮೂಲೆಗೆ ಹಾಕುವ ಜೋಡಣೆ), 8 ಟೀ (T ಆಕಾರದ ಜೋಡಣೆ) ತನ್ನಿ. ನಾಲ್ಕು ಗೋಡೆ, ತಳ, ಮೇಲ್ಭಾಗ ಅಂತ ಆರು ಚೌಕಟ್ಟು ಬೇರೆಬೇರೆಯಾಗಿ ಮಾಡಿ. ಗೋಡೆಗಳಿಗೆ ನಡುವೆ ಒಂದೊಂದು ಅಡ್ಡಪಟ್ಟಿ ಕೊಡಿ. ಉಳಿದ ನಾಲ್ಕು ಎಲ್ಬೋ ಬಾಗಿಲಿನ ಚೌಕಟ್ಟಿಗೆ. ಪ್ರತಿ ಚೌಕಟ್ಟಿನ ಒಳಗಿನ ಕೀಲುಗಳಿಗೆ ಸಾಲ್ವೆಂಟ್ (ಪಿವಿಸಿ ಪೈಪಿನ ಅಂಟು) ಹಚ್ಚಬಹುದು. ಚೌಕಟ್ಟಿಗೆ ಚೌಕಟ್ಟು ಸೇರುವ ಕಡೆ ಮಾತ್ರ ಅಂಟು ಬೇಡ, ತೂತು ಕೊರೆದು ಬೋಲ್ಟ್ ಮತ್ತು ಚಿಟ್ಟೆ ನಟ್ ಹಾಕಿ. ಕೈಯಲ್ಲೇ ಬಿಚ್ಚಬಹುದು.

ಬಲೆಯ ವಿಷಯದಲ್ಲಿ ಜಿಪುಣತನ ಬೇಡ. ಕೋಳಿ ಬಲೆಯಲ್ಲಿ ಉಗುರು ಸಿಕ್ಕಿಕೊಂಡು ಬೆರಳೇ ಕಿತ್ತುಬರಬಹುದು. ಪ್ಲಾಸ್ಟಿಕ್ ಲೇಪನವಿರುವ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿ ಬಲೆ) ತನ್ನಿ. ಬರೀ ಸತುವಿನ ಲೇಪನದ್ದು ಬೇಡ. ಇಗುವಾನಾ ಎಲ್ಲವನ್ನೂ ನಾಲಿಗೆಯಿಂದ ಮುಟ್ಟಿ ನೋಡುತ್ತದೆ, ಸತು ಹೊಟ್ಟೆಗೆ ಹೋದರೆ ವಿಷ. ಕತ್ತರಿಸಿದ ತಂತಿಯ ಮೊನೆ ಹೊರಮುಖವಾಗಿರಲಿ. ಬಲೆಯನ್ನು ಪೈಪಿಗೆ ಕಟ್ಟೋಕೆ ಕಪ್ಪು ಕೇಬಲ್ ಟೈ ಬಳಸಿ, ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಬಾಗಿಲನ್ನು ಅಗಲ ಕಡಿಮೆ ಇರುವ ಗೋಡೆಯ ಮೇಲರ್ಧದಲ್ಲಿ ಇಡಿ. ಆಗ ಮೇಲೆ ಕೂತ ಪ್ರಾಣಿಯ ಹತ್ತಿರ ಕೈ ಪಕ್ಕದಿಂದ ಹೋಗುತ್ತದೆ; ಮೇಲಿನಿಂದ ಬಂದರೆ ಇಗುವಾನಾಗೆ ಹದ್ದು ಎರಗಿದಂತೆ ಅನ್ನಿಸುತ್ತದೆ. ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ತೆಳು ಚಿಪ್ಪಿನ ಒಂದು ಚುಕ್ಕಿ ಇದೆ, ಅದೇ ಮೂರನೇ ಕಣ್ಣು. ಅದಕ್ಕೆ ಚಿತ್ರ ಕಾಣಲ್ಲ, ಬೆಳಕು ನೆರಳು ಮಾತ್ರ ಗೊತ್ತಾಗುತ್ತದೆ. ನಮ್ಮ ತಾರಸಿ ಮೇಲೆ ಹದ್ದು ಸುತ್ತಿದಾಗ ಇದು ತಲೆ ವಾರೆ ಮಾಡಿ, ಒಂದು ಕಣ್ಣು ಆಕಾಶಕ್ಕೆ ನೆಟ್ಟು, ಕಲ್ಲಿನ ಹಾಗೆ ಕೂತುಬಿಡುತ್ತದೆ. ಹದ್ದು ದೂರ ಹೋಗುವ ತನಕ ಬಾಯಲ್ಲಿದ್ದ ದಾಸವಾಳದ ಎಸಳನ್ನೂ ಅಗಿಯುವುದಿಲ್ಲ. ಮೇಲ್ಭಾಗಕ್ಕೂ ಗಟ್ಟಿ ಬಲೆ ಬೇಕೇ ಬೇಕು. ಬಾಗಿಲಿಗೆ ಎರಡು ಚಿಲಕ ಹಾಕಿ. ಕೆಳಗಿನ ಒಂದಡಿಗೆ ಸುತ್ತಲೂ ಹಸಿರು ನೆರಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹೊರಗೆ ಹೋಗಲು ಬಲೆಗೆ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ.

ಒಳಗೆ ಅದರ ಮೈಯಷ್ಟೇ ದಪ್ಪದ ಸೀಬೆ ಕೊಂಬೆಯನ್ನು ಓರೆಯಾಗಿ ಬಿಗಿಯಿರಿ. ಕಣಗಿಲೆ ಕೊಂಬೆ ಬೇಡ, ವಿಷ. ತಳದ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ಎತ್ತರಿಸಿ, ಮೇಲೆ ತೆಂಗಿನ ನಾರಿನ ಚಾಪೆ ಹಾಸಿ. ಏಪ್ರಿಲ್‌ನ ಸಿಮೆಂಟ್ ನೆಲ ನಮ್ಮ ಕಾಲಿಗೇ ತಡೆಯಲ್ಲ, ಅಲ್ವಾ?

ನೆರಳು ಬಿಸಿಲಿನಷ್ಟೇ ಮುಖ್ಯ. ಈ ಪ್ರಾಣಿಗೆ ಬೆವರು ಬರುವುದಿಲ್ಲ. ಸೆಖೆಯಾದರೆ ಜಾಗ ಬದಲಿಸೋದೇ ದಾರಿ. ಗೂಡಿನ ಅರ್ಧ ಭಾಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ನೀರಿನ ಬಟ್ಟಲನ್ನು ಅಲ್ಲೇ ಇಡಿ. ಬಿಸಿಲಿರುವ ಕೊಂಬೆಯ ಹತ್ತಿರ ಒಂದು, ನೆರಳಲ್ಲಿ ಒಂದು ಥರ್ಮಾಮೀಟರ್ ಕಟ್ಟಿ. ಬಿಸಿಲಲ್ಲಿ 32ರಿಂದ 35 ಡಿಗ್ರಿ ಒಳ್ಳೆಯದು. 38 ದಾಟಿದರೆ ಅಥವಾ ಅದು ಬಾಯಿ ತೆರೆದು ಏದುಸಿರು ಬಿಟ್ಟರೆ ತಕ್ಷಣ ಒಳಗೆ ತನ್ನಿ. ಗಾಜಿನ ತೊಟ್ಟಿಯನ್ನಂತೂ ಬಿಸಿಲಿಗೆ ಇಡಲೇಬೇಡಿ, ಸ್ವಲ್ಪ ಹೊತ್ತಲ್ಲೇ ಒಲೆಯಂತೆ ಕಾದು ಜೀವ ತೆಗೆಯುತ್ತದೆ.

ಮೇ ತಿಂಗಳ ಗಾಳಿಮಳೆಗೆ ಹಗುರ ಗೂಡು ಮಗುಚಿಬೀಳುತ್ತದೆ. ತಳದ ನಾಲ್ಕೂ ಮೂಲೆಗೆ ಮರಳು ಚೀಲ ಹೇರಿ, ಒಂದು ಹಗ್ಗವನ್ನು ಕಂಬಿಗೆ ಬಿಗಿಯಿರಿ. ಮೊದಲ ದಿನ ಹದಿನೈದು ನಿಮಿಷ ಮಾತ್ರ ಬಿಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಿ. ಆಮೇಲೆ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬಿಡಬಹುದು.