ದಡದ ಉದ್ದಕ್ಕೆ ಸೈಕಲ್, ದಡಕ್ಕೆ ಅಡ್ಡವಾಗಿ ನಡಿಗೆ

ಕಡಲತಡಿಯ ನಗರವನ್ನು ನೋಡಲು ಸೈಕಲ್ಲೊಂದೇ ಸಾಲದು, ಕಾಲೊಂದೇ ಸಾಲದು ಎಂದಾಗ ಜೊತೆಯ ಸವಾರರು ನಕ್ಕಿದ್ದರು. 'ಎರಡು ದೋಣಿಯಲ್ಲಿ ಕಾಲಿಟ್ಟವನು ಯಾವ ದಡವನ್ನೂ ಮುಟ್ಟುವುದಿಲ್ಲ' ಎಂದು ಬುದ್ಧಿ ಹೇಳಿದವರೇ ಈಗ ಮುಂದಿನ ಸುತ್ತು ಯಾವಾಗ ಎಂದು ಕೇಳುತ್ತಿದ್ದಾರೆ. ಆದ್ದರಿಂದ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ.

ಹಳೆಯ ಬಂದರಿನ ಹಲವು ಓಣಿಗಳು ಸರಕಿಳಿಸುವ ಧಕ್ಕೆಯಿಂದ ಹೊರಟು ನೇರ ಊರೊಳಗೆ ನುಗ್ಗುತ್ತವೆ. ಅವು ಸರಕು ಹೊತ್ತವರ ದಾರಿಗಳು, ಚಕ್ರಕ್ಕೆ ಹೇಳಿಸಿದವಲ್ಲ. ತುಳಿಯುತ್ತ ಹೋದರೆ ಮೆಟ್ಟಿಲು, ಚರಂಡಿ, ಕುರುಡು ತಿರುವು ನೋಡುವುದರಲ್ಲೇ ಓಣಿ ಮುಗಿದಿರುತ್ತದೆ. ಇತ್ತ ದಡದ ರಸ್ತೆಯನ್ನು ನಡೆದೇ ಮುಗಿಸುತ್ತೇನೆ ಎಂದರೆ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ಲೆಕ್ಕದಲ್ಲಿ ಬಿಸಿಲೇ ಗೆಲ್ಲುತ್ತದೆ. ನಾನು ಮಾಡುವುದಿಷ್ಟು: ದಡದ ಮೇಲೆ ಎರಡು-ಮೂರು ಕಿಲೋಮೀಟರ್ ತುಳಿದು, ಬೀಗ ಹಾಕಿ, ಒಂದು ಓಣಿಯಲ್ಲಿ ಒಳಹೊಕ್ಕು ಪಕ್ಕದ ಓಣಿಯಲ್ಲಿ ಮತ್ತೆ ನೀರಿಗೆ ಬರುತ್ತೇನೆ. ಬೀಗ ಎಲ್ಲಿ ಹಾಕುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಅಂಥ ಜಾಗಗಳು ಕಡಿಮೆ, ನಾಲ್ಕು ಜನಕ್ಕೆ ತಿಳಿದರೆ ನನಗೇ ಉಳಿಯುವುದಿಲ್ಲ.

ಗಾಳಿಯ ಲೆಕ್ಕ ಸರಿಹೋಗುವವರೆಗೆ ಇದೂ ಕೈಕೊಡುತ್ತಿತ್ತು. ಬೆಳಿಗ್ಗೆ ಹಾಯಾಗಿ ಹೋದ ದಾರಿಯಲ್ಲೇ ಸಂಜೆ ಮರಳುವಾಗ ಗಂಟೆಗೆ ಹದಿನೈದಿದ್ದ ವೇಗ ಎಂಟಕ್ಕೋ ಒಂಬತ್ತಕ್ಕೋ ಇಳಿಯುತ್ತಿತ್ತು. ಕಡಲಗಾಳಿ ಏಳುವುದು ಹೊತ್ತೇರಿದ ಮೇಲೆ, ಅದರ ಜೋರು ಮಧ್ಯಾಹ್ನದ ನಂತರ ಎಂಬುದು ನಮಗೆಲ್ಲ ಗೊತ್ತು. ಹಲವರು ಗಮನಿಸದಿರುವುದು ಅದು ದಿಕ್ಕು ಬದಲಿಸುವುದನ್ನು. ಉತ್ತರಾರ್ಧಗೋಳದಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಮೊದಲು ಎದುರಿನಿಂದ ಬೀಸುವ ಗಾಳಿ ಸಂಜೆಯ ಹೊತ್ತಿಗೆ ಬಲಗಡೆಯಿಂದ ಬೀಸತೊಡಗಿರುತ್ತದೆ. ಹಾಗಾಗಿ ಬೆಳಗಿನ ಮೆಲುಗಾಳಿಯಲ್ಲಿ ಬಲಗಡೆಗೆ ಹೊರಡುತ್ತೇನೆ, ಸಂಜೆ ಗಾಳಿಯೇ ಬೆನ್ನು ತಳ್ಳುತ್ತದೆ. ದಕ್ಷಿಣಾರ್ಧಗೋಳದವರು ಎಡಕ್ಕೆ ಹೊರಡಬೇಕು. ಮಳೆಗಾಲದ ಗಾಳಿಯ ಮುಂದೆ, ಅಥವಾ ದಡಕ್ಕೆ ಒತ್ತಿಕೊಂಡು ದೊಡ್ಡ ಗುಡ್ಡವಿದ್ದಲ್ಲಿ, ಈ ಲೆಕ್ಕವನ್ನು ನಂಬಬೇಡಿ.

ನದಿ ಕಡಲು ಸೇರುವ ಅಳಿವೆಗಳು ಇನ್ನೊಂದು ತಲೆನೋವು. ಎದುರು ದಡದ ಮನೆಗಳು ಕಣ್ಣಿಗೆ ಕಾಣುತ್ತವೆ, ಸೇತುವೆ ಮಾತ್ರ ಎಷ್ಟೋ ಒಳಗಿರುತ್ತದೆ. ದೋಣಿ ಸಿಕ್ಕರೂ ಸೈಕಲ್ಲನ್ನು ಹತ್ತಿಸಿಕೊಳ್ಳುತ್ತಾರೆ ಎಂಬ ಭರವಸೆಯಿಲ್ಲ. ಈಗ ಪ್ರತಿ ಅಳಿವೆಯನ್ನೂ ಒಂದು ದಿನದ ಗಡಿಯಾಗಿಯೇ ಇಟ್ಟುಕೊಂಡಿದ್ದೇನೆ.

ಇನ್ನು ಹಣದ ಮಾತು. ಟೈರು, ಟ್ಯೂಬುಗಳಿಗಿಂತ ಉಪ್ಪಿಗೆ ತೆತ್ತದ್ದೇ ಹೆಚ್ಚು. ಇಳಿತದ ಹೊತ್ತಿನ ಒದ್ದೆ ಮರಳು ಗಟ್ಟಿಯಾಗಿರುತ್ತದಲ್ಲ, ದಪ್ಪ ಟೈರಿನ ಗಾಳಿಯನ್ನು ಅರ್ಧದಷ್ಟು ಇಳಿಸಿ ಅಲ್ಲೂ ಓಡಿಸಿ ನೋಡಿದೆ. ಓಟವೇನೋ ಸೊಗಸಾಗಿತ್ತು. ಒಂದೇ ಋತುವಿನಲ್ಲಿ ಪೆಡಲ್ ಮತ್ತು ಹಿಂದಿನ ಚಕ್ರದ ಬೇರಿಂಗುಗಳು ಕರಕರ ಎನ್ನತೊಡಗಿದವು. ಅದಕ್ಕಿಂತ ದುಬಾರಿಯಾದದ್ದು ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತು ಚೌಕಟ್ಟಿನೊಳಗೆ ಇಳಿಯುವ ಕೊಳವೆ. ಉಕ್ಕಿನ ಚೌಕಟ್ಟಿನೊಳಗೆ ಅಲ್ಯುಮಿನಿಯಂ, ನಡುವೆ ಉಪ್ಪುನೀರು: ಎರಡೂ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊನೆಗೆ ಕೊಯ್ದು ತೆಗೆಸಬೇಕಾಯಿತು. ಎಲ್ಲ ಸೇರಿ ಸೈಕಲ್ಲಿನ ಬೆಲೆಯ ಮೂರನೇ ಒಂದು ಭಾಗದಷ್ಟು ಹೋಗಿರಬೇಕು. ವರ್ಷಕ್ಕೆರಡು ಬಾರಿ ಪೋಸ್ಟನ್ನು ಕಿತ್ತು ಗ್ರೀಸ್ ಹಚ್ಚಿದ್ದರೆ ಸಾಕಿತ್ತು. ಮರಳಿನ ಮೇಲೆ ಈಗ ಕಾಲ್ನಡಿಗೆ ಮಾತ್ರ, ಅದೂ ನೀರು ಇಳಿಯುತ್ತಿರುವಾಗ. ಸಾಮಾನ್ಯವಾಗಿ ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಗಡಿಯಾರ ನೋಡಿಕೊಂಡು ಬಂಡೆಯ ಬುಡ ದಾಟಲು ಹೋಗಬಾರದು.

ಚೈನಿಗೆ ಎಣ್ಣೆ ಹಾಕಿದರೆ ಮರಳು ಅಂಟಿ ಅರೆಯುತ್ತದೆ, ಮೇಣ ಹಾಕಿದರೆ ಮರಳು ಅಂಟದಿದ್ದರೂ ಒದ್ದೆಯಾದಾಗ ತುಕ್ಕು ಬೇಗ. ಎರಡನ್ನೂ ಬೆರೆಸಿದ ನನ್ನದೇ ಪಾಕವೊಂದಿದೆ, ಪ್ರಮಾಣ ಸದ್ಯಕ್ಕೆ ನನ್ನಲ್ಲೇ ಇರಲಿ. ಮನೆಗೆ ಬಂದೊಡನೆ ಸಿಹಿನೀರು ಸುರಿದು ಒರೆಸುತ್ತೇನೆ. ರಭಸದ ಪೈಪು ಹಿಡಿದರೆ ಉಪ್ಪು ಬೇರಿಂಗಿನೊಳಗೇ ಹೋಗಿ ಕೂರುತ್ತದೆ. ಉಳಿದ ಉಪ್ಪು ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ತಾನೇ ನೀರೆಳೆದುಕೊಂಡು ಕರಗುತ್ತದೆ, ಅಂದರೆ ಸೈಕಲ್ಲನ್ನು ಒಳಗಿಟ್ಟರೂ ಬಚಾವಾಗುವುದಿಲ್ಲ.

ಈ ತುಕ್ಕಿನ ಹುಚ್ಚಿನಿಂದಲೇ ಇನ್ನೊಂದು ಆಟ ಹುಟ್ಟಿಕೊಂಡಿತು. ಓಣಿಯೊಳಗೆ ನಡೆಯುತ್ತ ಕಿಟಕಿಯ ಸರಳುಗಳನ್ನು ನೋಡುತ್ತೇನೆ. ಕಡಲಿನ ಉಪ್ಪು ಗಾಳಿಯಲ್ಲಿ ಮೊದಲ ಕೆಲವು ನೂರು ಮೀಟರಿನಲ್ಲೇ ತೀರ ಕಡಿಮೆಯಾಗುತ್ತದೆ. ಹೆಕ್ಕಳಿಕೆ ಏಳುವ ಸರಳು, ಬರೀ ಕಲೆಯಾದ ಸರಳು, ಬಣ್ಣ ಉಳಿಸಿಕೊಂಡ ಸರಳು ಎಂದು ಮೂರು ದರ್ಜೆ ಮಾಡಿಕೊಂಡು, ನೀರು ಎಷ್ಟು ದೂರವಿದೆ ಎಂದು ಊಹಿಸಿ ಆಮೇಲೆ ಹೆಜ್ಜೆ ಹಾಕಿ ಅಳೆಯುತ್ತೇನೆ. ನೇರವಾದ ಓಣಿಗಳಲ್ಲಿ ಊಹೆ ನೂರು ಮೀಟರಿನ ಆಚೀಚೆ ಬೀಳುತ್ತದೆ. ಬಾಗಿದ ಓಣಿಗಳಲ್ಲಿ ಎತ್ತರದ ಕಟ್ಟಡಗಳು ಗಾಳಿಗೆ ಅಡ್ಡ ನಿಂತು ಕೆಡಿಸುತ್ತವೆ. ಅವಕ್ಕೆ ಬೇರೆ ದರ್ಜೆ ಮಾಡಬೇಕು, ಆ ಕೆಲಸ ನಡೆದಿದೆ.