ಕಂಪ್ಯೂಟರ್ ಸೈನ್ಸ್ ಓದಲು ಕಾಲೇಜು: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ ಎಂದು ಅಳೆಯುವುದು ಹೇಗೆ

ಮೊದಲು ಖರ್ಚಿನ ಲೆಕ್ಕ. ಹೇಳುವ ಫೀಸು ಸಾಮಾನ್ಯವಾಗಿ ಮೊದಲ ವರ್ಷದ್ದು ಮಾತ್ರ. ಪರೀಕ್ಷಾ ಶುಲ್ಕ, ಹಾಸ್ಟೆಲ್, ಊಟ, ಓಡಾಟ, ಲ್ಯಾಪ್‌ಟಾಪ್ ಎಲ್ಲವನ್ನೂ ಸೇರಿಸಿ. ಮೊದಲ ವರ್ಷದ ಖರ್ಚು 100 ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ 8ರಂತೆ ಏರಿದರೆ ನಾಲ್ಕು ವರ್ಷಕ್ಕೆ ಆಗುವುದು 400 ಅಲ್ಲ, ಸುಮಾರು 451.

ಸಾಲ ಮಾಡಿ ಓದುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಫೀಸಿನ ಏರಿಕೆಯನ್ನು ಬದಿಗಿಟ್ಟೇ ನೋಡೋಣ. ಪ್ರತಿ ವರ್ಷದ ಆರಂಭದಲ್ಲಿ 100ರಂತೆ ಸಾಲ ತೆಗೆದರೆ, ಶೇ 10ರ ಚಕ್ರಬಡ್ಡಿಯಲ್ಲಿ ಓದು ಮುಗಿಯುವಾಗ ಸಾಲ 510 ದಾಟಿರುತ್ತದೆ. ಹತ್ತು ವರ್ಷ ತಿಂಗಳ ಕಂತು ಕಟ್ಟಿ ತೀರಿಸಿದರೆ ಕೈಬಿಟ್ಟು ಹೋಗುವುದು ಸುಮಾರು 810. ಓದುವಾಗಲೇ ಆಯಾ ವರ್ಷದ ಬಡ್ಡಿ ಕಟ್ಟುತ್ತ ಬಂದರೆ ಅಸಲು 400ರಲ್ಲೇ ನಿಲ್ಲುತ್ತದೆ, ಒಟ್ಟು ಹೊರೆ 735ರ ಆಸುಪಾಸಿಗೆ ಇಳಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರುವವರ ಕೈಗೆ ಬರುವ ಸಂಬಳದ ಕಾಲು ಭಾಗಕ್ಕಿಂತ ಕಂತು ಹೆಚ್ಚಾದರೆ ಆ ಕಾಲೇಜು ದುಬಾರಿ ಎಂದೇ ತಿಳಿಯಿರಿ.

ಆ ಸಂಬಳ ಎಷ್ಟು? ಹೆಚ್ಚಿನವರು ಎಡವುವುದು ಇಲ್ಲೇ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 5, ಒಬ್ಬರಿಗೆ 55 ಸಿಕ್ಕರೆ ಸರಾಸರಿ 10 ಆಗುತ್ತದೆ, ಆದರೆ ಅಲ್ಲಿ 10 ಪಡೆದವರು ಯಾರೂ ಇಲ್ಲ. ಹಾಗಾಗಿ ಮಧ್ಯಾಂಕ ಕೇಳಿ: ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ. ಕೆಲಸ ಸಿಕ್ಕವರ ಶೇಕಡಾವಾರಿನ ಛೇದವನ್ನೂ, ಅಂದರೆ ಒಟ್ಟು ಎಷ್ಟು ಜನರಲ್ಲಿ ಎಂಬುದನ್ನೂ ಕೇಳಿ. ತರಗತಿಯ 120 ಜನರಲ್ಲಿ 80 ಮಂದಿ ಮಾತ್ರ ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟು 72 ಮಂದಿಗೆ ಕೆಲಸ ಸಿಕ್ಕರೆ, ಜಾಹೀರಾತಿನಲ್ಲಿ ಶೇ 90 ಇರುತ್ತದೆ. ನಿಮಗೆ ಬೇಕಾದದ್ದು ಶೇ 60. ಒಬ್ಬರಿಗೇ ಬಂದ ಮೂರು ಆಫರ್‌ಗಳನ್ನು ಮೂರಾಗಿ ಎಣಿಸಿದ್ದಾರೆಯೇ, ಕಂಪ್ಯೂಟರ್ ಸೈನ್ಸ್ ಒಂದರ ಅಂಕಿಯೇ ಅಥವಾ ಇಡೀ ಕಾಲೇಜಿನದೇ ಎಂಬುದೂ ಗೊತ್ತಾಗಬೇಕು.

ಇನ್ನು ಓದಿನ ವಿಷಯ. ಒಳ್ಳೆಯ ಉಪನ್ಯಾಸಗಳು ಇವತ್ತು ಪುಕ್ಕಟೆ ಸಿಗುತ್ತವೆ; ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಎಲ್ಲರಿಗೂ ತೆರೆದಿಡುವುದಾಗಿ ಸಾರಿದ್ದು 2001ರಲ್ಲಿ. ಆದ್ದರಿಂದ ಹೆಚ್ಚಿನ ಫೀಸು ಕೊಡುವುದಾದರೆ ಮನೆಯಲ್ಲಿ ಕೂತು ಸಿಗದ್ದಕ್ಕೆ ಕೊಡಬೇಕು: ಬರೆದ ಕೋಡ್ ಓದಿ ತಪ್ಪು ತೋರಿಸುವ ಅಧ್ಯಾಪಕರು, ಜೊತೆಯಲ್ಲಿ ಗುದ್ದಾಡಿ ಕಲಿಯುವ ಸಹಪಾಠಿಗಳು, ಕ್ಯಾಂಪಸ್‌ಗೆ ಬರುವ ಕಂಪನಿಗಳು.

ಇದನ್ನು ಪರೀಕ್ಷಿಸಲು ಆಪರೇಟಿಂಗ್ ಸಿಸ್ಟಮ್ಸ್ ವಿಷಯವೊಂದನ್ನೇ ಹಿಡಿಯಿರಿ. ಲ್ಯಾಬ್ ಕೈಪಿಡಿ ಮತ್ತು ಹಿಂದಿನ ಎರಡು ವರ್ಷಗಳ ಪ್ರಶ್ನೆಪತ್ರಿಕೆ ತರಿಸಿಕೊಳ್ಳಿ. ವಿದ್ಯಾರ್ಥಿಗಳು ಎಕ್ಸ್‌ವಿ6ನಂಥ , ಕಲಿಕೆಗೆಂದೇ ಬರೆದ ಪುಟ್ಟ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಹೊಸ ಸಿಸ್ಟಮ್ ಕಾಲ್ (ಪ್ರೋಗ್ರಾಮ್‌ಗಳು ಕರ್ನಲ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆ) ಸೇರಿಸುತ್ತಾರೆಯೇ, ಅಥವಾ ಯಾವ ಪ್ರೋಗ್ರಾಮ್ ಯಾವಾಗ ಓಡಬೇಕೆಂಬ ಷೆಡ್ಯೂಲಿಂಗ್ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ಮುಗಿಸುತ್ತಾರೆಯೇ? ಈ ಒಂದು ಉತ್ತರ ವಿಭಾಗದ ಮಟ್ಟವನ್ನು ಬಹುಪಾಲು ಹೇಳಿಬಿಡುತ್ತದೆ. ಎಐ, ಡೇಟಾ ಸೈನ್ಸ್ ಎಂಬ ಹೆಸರಿನ ಕೋರ್ಸುಗಳಲ್ಲಿ ನೆಟ್‌ವರ್ಕ್ಸ್, ಕಂಪೈಲರ್, ಸಂಭವನೀಯತೆಯ ಗಣಿತ ಉಳಿದಿವೆಯೇ ನೋಡಿ. ಪಠ್ಯಕ್ರಮದಲ್ಲಿ ಪಟ್ಟಿಮಾಡಿದ ಐಚ್ಛಿಕ ವಿಷಯಗಳಲ್ಲಿ ಕಳೆದ ವರ್ಷ ನಿಜಕ್ಕೂ ಯಾವುವನ್ನು ಕಲಿಸಿದರು ಎಂದು ಮೂರನೇ ವರ್ಷದವರನ್ನು ಕೇಳಿ. ಕಾಲೇಜೇ ಆರಿಸಿ ಮುಂದೆ ನಿಲ್ಲಿಸುವ ರ‍್ಯಾಂಕ್ ವಿದ್ಯಾರ್ಥಿಗಳಿಗಿಂತ ನಡುಮಟ್ಟದವರ ಮಾತು ನಿಮಗೆ ಹೆಚ್ಚು ಉಪಯುಕ್ತ.

ಎರಡು ಕಾಲೇಜುಗಳಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅಗ್ಗದ್ದನ್ನೇ ಆರಿಸಿ. ದೊಡ್ಡ ಕಟ್ಟಡ, ಈಜುಕೊಳಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಸ್ಕಾಲರ್‌ಶಿಪ್ ಕೊಡುತ್ತೇವೆಂದರೆ ಷರತ್ತನ್ನು ಲಿಖಿತವಾಗಿ ಪಡೆಯಿರಿ: ನಾಲ್ಕೂ ವರ್ಷಕ್ಕೋ ಒಂದೇ ವರ್ಷಕ್ಕೋ, ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಒಟ್ಟು ಸರಾಸರಿ ಗ್ರೇಡ್) ಎಷ್ಟಕ್ಕೆ ಇಳಿದರೆ ನಿಲ್ಲುತ್ತದೆ, ನಿಂತ ಮೇಲೆ ಮತ್ತೆ ಸಿಗುತ್ತದೆಯೇ. ಸೀಟು ಬಿಟ್ಟರೆ ಎಷ್ಟು ಹಣ, ಯಾವ ದಿನಾಂಕದೊಳಗೆ ವಾಪಸ್ ಬರುತ್ತದೆ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಓದಿಕೊಳ್ಳಿ.